ನಾನು ಹಾರಿಸುತ್ತಿದ್ದ ಅಕ್ಷರ

ನನ್ನ ಹತ್ತಿರ ಮೂರು ಪುಸ್ತಕಗಳಿವೆ. ಮೂರಕ್ಕೂ ಮೇಲಿನ ರಟ್ಟಿಲ್ಲ. ಹೀಗಾಗಿ ಯಾರು ಬರೆದದ್ದು, ಎಲ್ಲಿ ಅಚ್ಚಾದದ್ದು ಎಂದು ಕೇಳಿದರೆ ನಾನು ಬಾಯಿ ಬಿಡಲಾರೆ. ಒಂದು, ನಮ್ಮ ಮಾವನವರು ಶ್ರಾವಣದಲ್ಲಿ ಊರವರನ್ನೆಲ್ಲ ಕೂಡಿಸಿ ಓದಿಸುತ್ತಿದ್ದ ಪುರಾಣ. ಇನ್ನೊಂದು ಮದುವೆಯ ಹಾಡುಗಳದ್ದು. ಅದರ ಪಿನ್ನಿಗೆ ತುಕ್ಕು ಹಿಡಿದು, ಬೀಗರನ್ನು ಬೈಯುವ ಹಾಡಿನ ನಡುವೆ ಕೆಂಪಗೆ ಗೆರೆ ಇಳಿದಿದೆ. ಮೂರನೆಯದು ಮನೆಮದ್ದಿನ ಪುಸ್ತಕ. ಅದರಲ್ಲಿ ಹೊಟ್ಟೆನೋವಿನ ಪುಟ ಹರಿದು ಹೋಗಿರುವುದರಿಂದ ನಮ್ಮ ಮನೆಯಲ್ಲಿ ಯಾರಿಗೂ ಹೊಟ್ಟೆ ನೋಯಬಾರದು ಎಂದು ಕಟ್ಟಪ್ಪಣೆ ಮಾಡಿದ್ದೇನೆ.

ಓದಿದವರು ನಗಬಾರದು. ನಾನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು. ನನ್ನ ಓದು ಹೇಗೆಂದರೆ, ಪದದ ಮೊದಲ ಅಕ್ಷರ ಕಣ್ಣಿಗೆ ಬಿದ್ದರೆ ಸಾಕು, ಉಳಿದದ್ದನ್ನು ಊಹೆ ಮಾಡಿಬಿಡುವುದು. 'ಕು' ಕಂಡರೆ ಕುದುರೆ ಎನ್ನುತ್ತೇನೆ. ಅದು ಕುಂಬಳಕಾಯಿ ಆಗಿದ್ದರೆ ಮುಂದಿನ ಸಾಲಿನಲ್ಲಿ ಕುದುರೆಯನ್ನು ಹೆಚ್ಚಿ ಒಗ್ಗರಣೆ ಹಾಕುವ ಪ್ರಸಂಗ ಬರುತ್ತದೆ. ಆಗ ಹಿಂದೆ ಬಂದು ತಿದ್ದಿಕೊಳ್ಳುತ್ತೇನೆ. ಇಷ್ಟು ವಿದ್ಯೆಯಲ್ಲಿ ಇಷ್ಟು ವರ್ಷ ಸಾಗಿದೆ.

ಈಗ ನಾನಿರುವುದು ಸೂರತ್ತಿನ ಆಚೆ ಹಜೀರಾದಲ್ಲಿ, ಮಗ ಈರಣ್ಣನ ಕಂಪನಿ ಕ್ವಾರ್ಟರ್ಸಿನಲ್ಲಿ. ಒಂದೇ ಅಚ್ಚಿನ ಮನೆಗಳು, ಒಂದೇ ಬಣ್ಣದ ಬಾಗಿಲುಗಳು. ದೂರದಲ್ಲಿ ಒಂದು ಚಿಮಣಿಯ ತುದಿಗೆ ಹಗಲೂ ಬೆಂಕಿ ಉರಿಯುತ್ತಿರುತ್ತದೆ. ಮೊದಮೊದಲು ನಾನದನ್ನು ನೋಡಿ, 'ಯಾರೋ ಒಲೆ ಆರಿಸೋದು ಮರತಾರ' ಎಂದು ಗಾಬರಿಯಾಗಿದ್ದೆ. ಬೆಳಿಗ್ಗೆ ಕಂಪನಿಯ ಗಾಡಿ ಗಂಡಸರನ್ನು ಒಯ್ಯುತ್ತದೆ. ನನ್ನ ಸೊಸೆ ಹೇತಲ್ ಇದೇ ಕಾಲೊನಿಯ ಶಾಲೆಯಲ್ಲಿ ಟೀಚರು, ಅವಳೂ ಹೋಗುತ್ತಾಳೆ. ಆಮೇಲೆ ಮನೆಯಲ್ಲಿ ನಾನು ಮತ್ತು ಫ್ಯಾನು. ಫ್ಯಾನು ಸ್ವಲ್ಪ ಕಿರಕಿರ ಎನ್ನುತ್ತದೆ. ಈರಣ್ಣ ಎಣ್ಣೆ ಬಿಡುತ್ತೇನೆ ಎಂದಾಗ ಬೇಡ ಎಂದೆ. ಇರಲಿ, ಏನೋ ಒಂದು ಮಾತಾಡುತ್ತದೆ.

ಇಲ್ಲಿ ಎಲ್ಲರೂ ಒಳ್ಳೆಯವರು. 'ಕೇಮ್ ಛೋ ಬಾ' ಎಂದು ಕೈಮುಗಿಯುತ್ತಾರೆ. ನಾನು 'ಮಜಾಮಾ', ಅಂದರೆ ಆರಾಮ, ಎನ್ನುತ್ತೇನೆ. ಅಲ್ಲಿಗೆ ನನ್ನ ಗುಜರಾತಿ ಮುಗಿಯಿತು, ಅವರಿಗೂ ನನ್ನ ಸುದ್ದಿ ಮುಗಿಯಿತು. ಇಲ್ಲಿಗೆ ಬರುವ ಮೊದಲು ಮಣಿನಗರದಲ್ಲಿದ್ದಾಗ ಮೇಲಿನ ಮನೆಯಲ್ಲಿ ಬಾಗಲಕೋಟೆ ಕಡೆಯ ವಿಮಾ ಕಚೇರಿಯವರೊಬ್ಬರಿದ್ದರು. ಆ ಅಕ್ಕ ಮೆಟ್ಟಿಲ ಮೇಲೆ ನಿಂತೇ ಒಂದು ತಾಸು ಮಾತಾಡುತ್ತಿದ್ದಳು. ಅವರಿಗೆ ವರ್ಗವಾಯಿತು. ನಮ್ಮವರೂ ಅದೇ ಮಣಿನಗರದ ಮನೆಯಲ್ಲೇ ಹೋದರು. ಮಾತಾಡುವವರೆಲ್ಲ ಒಬ್ಬೊಬ್ಬರೇ ಎದ್ದು ಹೋದ ಮೇಲೆ ಈರಣ್ಣ ಬಂದು ನನ್ನನ್ನೂ ನನ್ನ ಮೂರು ಪುಸ್ತಕಗಳನ್ನೂ ಇಲ್ಲಿಗೆ ತಂದ.

ಇದೆಲ್ಲ ಬಿಡಿ, ನಾನು ಹೇಳಬೇಕಾದದ್ದು ನನ್ನ ಮೊಮ್ಮಗಳ ಸುದ್ದಿ. ಅವಳ ಹೆಸರು ಪಂಕ್ತಿ. ನಮ್ಮ ಕಡೆ ಪಂಕ್ತಿ ಎಂದರೆ ಊಟಕ್ಕೆ ಕೂಡುವ ಸಾಲು. ಹೆಸರಿಟ್ಟ ದಿನ ನಾನು ಒಳಗೊಳಗೇ 'ಇವಳಿಗೆ ತಂಗಿ ಹುಟ್ಟಿದರೆ ಎರಡನೇ ಪಂಕ್ತಿ ಅಂತೇನು' ಅಂದುಕೊಂಡಿದ್ದೆ. ಆದರೆ ಮುಖ ನೋಡಿದರೆ ಆ ಹೆಸರಿನ ಮೇಲೆ ಯಾವ ತಕರಾರೂ ಉಳಿಯುವುದಿಲ್ಲ. ನಗುವಾಗ ಅವಳ ಮೂಗು ಮೊದಲು ನಗುತ್ತದೆ, ಆಮೇಲೆ ಬಾಯಿ. ಜಡೆ ಹಾಕಿಸಿಕೊಳ್ಳುವಾಗ ಕುಣಿಯುತ್ತಾಳೆ. ಉಣ್ಣುವಾಗ ಕುಣಿಯುತ್ತಾಳೆ. ಹೇಳುತ್ತ ಹೋದರೆ ನನಗೆ ಸಂಜೆಯಾದದ್ದೂ ತಿಳಿಯುವುದಿಲ್ಲ, ನಿಮಗೆ ಬೇಸರವಾದದ್ದೂ ತಿಳಿಯುವುದಿಲ್ಲ. ಅವಳ ಮಾತು ಅರ್ಧ ಗುಜರಾತಿ, ಅರ್ಧ ಇಂಗ್ಲಿಷು, ಮೇಲೆ ಉಪ್ಪಿನಷ್ಟು ಕನ್ನಡ. 'ಅಜ್ಜಿ', 'ಬೇಡ', 'ಹಸಿವು', 'ಆಮೇಲೆ', ಇಷ್ಟರಲ್ಲೇ ನಾವಿಬ್ಬರೂ ಸಂಸಾರ ನಡೆಸುತ್ತ ಬಂದಿದ್ದೆವು. ಅವಳ ಉಳಿದ ಮಾತನ್ನು ಅಲ್ಲಲ್ಲಿ ನಾನೇ ಕನ್ನಡ ಮಾಡಿ ಹೇಳುತ್ತೇನೆ.

ದೀಪಾವಳಿ ರಜೆಯಲ್ಲಿ ಹೇತಲ್ ಅವಳ ಕೈಯಿಂದ ಫೋನು ಕಿತ್ತು ಕಪಾಟಿನ ಮೇಲಿಟ್ಟಳು. ಹುಡುಗಿ ಮನೆಯೆಲ್ಲ ಸುತ್ತಿ, ಕೊನೆಗೆ ನನ್ನ ಟ್ರಂಕಿಗೆ ಬಂದಳು. ಪುರಾಣ ತೆಗೆದಳು, ಮೂಸಿದಳು, 'ಛೀ' ಎಂದಳು. ಇದ್ದಕ್ಕಿದ್ದಂತೆ ಕಿರುಚಿದಳು.

"ಅಜ್ಜಿ! ಇದು ನನಗೆ ಬರತದ! ಟ್ವೆಂಟಿ ಥ್ರೀ!"

ನೋಡಿದರೆ ಪುಟದ ಅಂಕಿ. ಹಳೆಯ ಪುಸ್ತಕವಲ್ಲವೇ, ಅಂಕಿಯೂ ಕನ್ನಡದವು. ನಮ್ಮ ಎರಡು, ಮೂರು, ನಾಲ್ಕು ಮತ್ತು ಗುಜರಾತಿಯ ಎರಡು, ಮೂರು, ನಾಲ್ಕು ಹೆಚ್ಚುಕಡಿಮೆ ಒಂದೇ ತಾಯಿಯ ಮಕ್ಕಳ ಹಾಗಿವೆ. ಇಷ್ಟು ವರ್ಷ ಈ ನಾಡಿನಲ್ಲಿದ್ದೂ ನಾನು ಅದನ್ನು ಗಮನಿಸಿರಲಿಲ್ಲ. ಮನೆಯೊಳಗೆ ಇದ್ದ ನೆಂಟರನ್ನು ಯಾರೋ ಬಂದು ಪರಿಚಯ ಮಾಡಿಸಿದಂತಾಯಿತು.

ಅಲ್ಲಿಂದ ಆಟ ಹುಟ್ಟಿತು. ಹುಟ್ಟಿಸಿದವಳು ಅವಳೇ. ಅವಳ ಕೈಯಲ್ಲಿ ಒಂದು ಪುಸ್ತಕ, ನನ್ನ ಕೈಯಲ್ಲಿ ಇನ್ನೊಂದು. ಇಬ್ಬರೂ ಅದೇ ಅಂಕಿಯ ಪುಟ ತೆಗೆಯಬೇಕು. ಅವಳು ತನ್ನ ಪುಟದಲ್ಲಿ ಒಂದು ಪದದ ಮೊದಲಕ್ಷರದ ಮೇಲೆ ಬೆರಳಿಡುತ್ತಾಳೆ. ಅದೇ ಅಕ್ಷರದಿಂದ ಶುರುವಾಗುವ ಪದವನ್ನು ನಾನು ನನ್ನ ಪುಟದಲ್ಲಿ ಹುಡುಕಬೇಕು. ಆಮೇಲೆ ಎರಡನ್ನೂ ನಾನು ಜೋರಾಗಿ ಓದಬೇಕು, ಅವಳು ಹಿಂದಿನಿಂದ ಹೇಳಬೇಕು. ಜೋಡಿ ಸಿಕ್ಕರೆ ಚಪ್ಪಾಳೆ. ಸಿಗದಿದ್ದರೆ ನನ್ನ ಕಿವಿ ಹಿಂಡುವ ಹಕ್ಕು ಅವಳದು.

ಅಕ್ಷರಗಳಿಗೆ ಅವಳು ತನ್ನದೇ ಹೆಸರಿಟ್ಟಳು. ಣ ಎಂಬುದು ಜಿಲೇಬಿ. ಸೊನ್ನೆ ಪಾನಿಪುರಿ. ಗ ಎಂಬುದು ಕಾಲೊನಿಯ ಗೇಟು. ಎಷ್ಟು ಚಂದ ಜೋಡಿಗಳು ಸಿಕ್ಕವೆಂದರೆ, ನಾನು ಒಲೆಯ ಮೇಲೆ ಹಾಲಿಟ್ಟದ್ದನ್ನೂ ಮರೆಯುತ್ತಿದ್ದೆ. ಪುರಾಣದಲ್ಲಿ 'ಶಿವ', ಮನೆಮದ್ದಿನಲ್ಲಿ 'ಶುಂಠಿ'. ಮದುವೆ ಹಾಡಿನಲ್ಲಿ 'ಮದುಮಗಳು', ಮನೆಮದ್ದಿನಲ್ಲಿ 'ಮೂಲವ್ಯಾಧಿ'. ಇದನ್ನು ಹುಡುಗಿ ಅರ್ಥ ತಿಳಿಯದೆ ಹಾಡಿನ ಧಾಟಿಯಲ್ಲಿ ಹೇಳುತ್ತ ಹೊರಗೆ ಹೋದಳು. ಪುಣ್ಯಕ್ಕೆ ಕಾಲೊನಿಯಲ್ಲಿ ಕನ್ನಡ ಬಲ್ಲವರಿಲ್ಲ.

ಅವಳ ಹೆಸರಿನ ಪ ಅಕ್ಷರಕ್ಕೆ ಮಾತ್ರ ಪುರಾಣದಲ್ಲಿ ಗಣಿಯೇ ಸಿಕ್ಕಿತು. ಆ ಪುಸ್ತಕದಲ್ಲಿ ಹಾಲಿಗೆ ಪಾಲು, ಹೂವಿಗೆ ಪೂ, ಹುಲಿಗೆ ಪುಲಿ, ಹಕ್ಕಿಗೆ ಪಕ್ಕಿ. ಹೊಸದಾಗಿ ಮದುವೆಯಾಗಿ ಬಂದಾಗ ನಾನು ಅದನ್ನೆಲ್ಲ ಅಚ್ಚಿನವನ ತಪ್ಪೆಂದು ತಿಳಿದು, ಪೆನ್ಸಿಲ್ಲಿನಿಂದ ತಿದ್ದತೊಡಗಿದ್ದೆ. ಮಾವನವರು ನೋಡಿ, "ಯವ್ವಾ, ಅದು ಹಿಂದಿನವರ ಕನ್ನಡ. ಅವರು ಸತ್ತು ಎಷ್ಟೋ ಕಾಲ ಆತು, ಈಗ ತಿದ್ದಿದ್ರ ಅವರಿಗೆ ಮಾರ್ಕು ಬರೂದಿಲ್ಲ" ಎಂದಿದ್ದರು. ಪಂಕ್ತಿಗೋ, ಲೋಕದ ಹಾಲು ಹೂವೆಲ್ಲ ಒಂದಾನೊಂದು ಕಾಲಕ್ಕೆ ತನ್ನ ಅಕ್ಷರದಿಂದಲೇ ಶುರುವಾಗುತ್ತಿದ್ದವೆಂದು ತಿಳಿದು ನೆಲದ ಮೇಲೆ ಕಾಲು ಊರದಾಯಿತು.

ಹೀಗೆ ನಡೆದಿರಲು, ಒಂದು ಮಧ್ಯಾಹ್ನ ಅವಳು ಪುಸ್ತಕ ಮುಚ್ಚಿ ಎದ್ದು ನಿಂತಳು.

"ಅಜ್ಜಿ, ನೀನು ಅಂಚಯಿ ಮಾಡ್ತಿ."

ಅಂಚಯಿ ಎಂದರೆ ಇಲ್ಲಿನ ಹುಡುಗರ ಮಾತಿನಲ್ಲಿ ಆಟದಲ್ಲಿ ಮಾಡುವ ಮೋಸ. ನನಗೆ ಸಿಟ್ಟು ಬಂತು.

"ಯಾವಾಗ ಮಾಡೀನವಾ?"

ಅವಳು ನನ್ನ ಪುಸ್ತಕ ಎಳೆದು ಒಂದು ಪದ ತೋರಿಸಿದಳು. "ಇದು ಬಂದ್ರೆ ನೀನು ಪೇಜು ತಿರುಗಿಸ್ತಿ. ಎವರಿ ಟೈಮ್. ಈ ಬೌಲ್ ಅಕ್ಷರ."

ಅವಳು ಬೌಲ್ ಎಂದದ್ದು ಬ. ಹುಡುಗಿಯ ಕಣ್ಣು ಗಿಡುಗನದು. ನಾನು ಅದನ್ನು ಹಾರಿಸುತ್ತಿದ್ದುದು ನಿಜ. ನನಗೇ ಗೊತ್ತಿಲ್ಲದಷ್ಟು ರೂಢಿಯಾಗಿತ್ತು.

ಇದಕ್ಕೆ ಕಾರಣ ನಮ್ಮವರ ಹೆಸರು. ಅದು 'ಬಸ' ಎಂದು ಶುರುವಾಗುತ್ತದೆ. ನಮ್ಮತ್ತೆ ಮದುವೆಯಾದ ವಾರದಲ್ಲೇ ಹೇಳಿದ್ದರು: ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ತಂದರೆ ಅವನ ಆಯುಷ್ಯ ಸವೆಯುತ್ತದೆ. ಬರೀ ಹೆಸರಲ್ಲ, ಹೆಸರಿನ ಹಾಗೆ ಶುರುವಾಗುವ ಮಾತೂ ಕೂಡದು. ಅಲ್ಲಿಂದ ನನ್ನ ನಾಲಿಗೆಯ ವನವಾಸ ಶುರುವಾಯಿತು. ಬಸ್ಸಿಗೆ ಮೋಟಾರು ಎಂದೆ. ಬಸಳೆ ಸೊಪ್ಪಿಗೆ 'ಆ ಬಳ್ಳಿ ಪಲ್ಲೆ' ಎಂದೆ. ಅನ್ನ ಬಸಿಯಲಿಲ್ಲ, 'ನೀರು ತೆಗೆದೆ'. ಈರಣ್ಣ ಹೊಟ್ಟೆಯಲ್ಲಿದ್ದಾಗ ನಾನು ಬಸುರಿಯೆಂದು ನನ್ನ ಬಾಯಿಂದ ಯಾರಿಗೂ ಹೇಳಲಿಲ್ಲ. ಹೊಟ್ಟೆಯೇ ಮುಂದೆ ಬಂದು ಹೇಳಿಕೊಂಡಿತು. ದೇವರ ಹೆಸರೂ ಅದೇ ಆಗಿತ್ತು, ಅವನನ್ನು 'ನಂದಿ' ಎಂದು ಕರೆದು ಸುಧಾರಿಸಿದೆ. ಮಾತಿನಲ್ಲಾದರೆ ಮುಂದೇನು ಬರುತ್ತದೆಂದು ಮೊದಲೇ ಗೊತ್ತಿರುತ್ತದೆ. ಓದುವಾಗ ನನ್ನಂಥವಳಿಗೆ ಮೊದಲಕ್ಷರ ಕಂಡ ಮೇಲೆ ಎರಡನೆಯದು ಕಾಣಲು ಹೊತ್ತು ಹಿಡಿಯುತ್ತದೆ. ಬ ಆದ ಮೇಲೆ ಸ ಬಂದುಬಿಟ್ಟರೆ? ಅದಕ್ಕೇ ಬ ಕಂಡ ಕೂಡಲೇ ಜಿಗಿತ.

ಇದರಿಂದ ನಾನು ಒಮ್ಮೆ ಸಾಯುವುದರಲ್ಲಿದ್ದೆ. ಆಗ ನಾವು ವಡೋದರಾದ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ನಾವು ಅದಕ್ಕೆ ಬಡೋದಾ ಎನ್ನುತ್ತಿದ್ದೆವು. ನಮ್ಮವರು ಗೂಡ್ಸ್ ಗಾಡಿಯ ಗಾರ್ಡು. ಪಕ್ಕದ ಮನೆಯ ಕೋಕಿಲಾಬೆನ್ ಬೇಸಿಗೆಯಲ್ಲಿ ನಮ್ಮನ್ನು ಮಾವಿನ ರಸ, ಪೂರಿಯ ಊಟಕ್ಕೆ ಕರೆದರು. ಗುಜರಾತಿನ ಉಪಚಾರ ನಿಮಗೆ ಗೊತ್ತಲ್ಲ. ಸೌಟು ಹಿಡಿದವರಿಗೆ ನೀವು 'ಬಸ್' ಎನ್ನುವವರೆಗೆ ಅವರು ನಿಲ್ಲುವುದಿಲ್ಲ. ಸಾಕು ಎನ್ನಲಿಕ್ಕೆ ಅವರಿಗೆ ಅದೊಂದೇ ಮಾತು. ನಾನು ಹೇಗೆ ಹೇಳಲಿ? 'ಸಾಕು' ಎಂದೆ, ಅವರಿಗೆ ತಿಳಿಯಲಿಲ್ಲ. ಬಟ್ಟಲ ಮೇಲೆ ಕೈ ಅಡ್ಡ ಹಿಡಿದೆ, ನಾಚಿಕೆಯೆಂದು ತಿಳಿದು ಕೈ ಸರಿಸಿ ಹಾಕಿದರು. ತಲೆ ಅಲ್ಲಾಡಿಸಿದೆ. ಕಣ್ಣಲ್ಲಿ ನೀರು ಬಂತು. "ಜುಓ, ನೋಡಿ, ಬಿಚಾರಿಗೆ ತವರಿನ ಮಾವು ನೆನಪಾಯ್ತು" ಎಂದು ಇನ್ನೊಂದು ಸೌಟು ಸುರಿದರು. ನಮ್ಮವರು ಗಂಡಸರ ಸಾಲಿನಲ್ಲಿ ಕುಳಿತು, ಎಲ್ಲ ಗೊತ್ತಿದ್ದೂ, ತಲೆ ತಗ್ಗಿಸಿ ಭುಜ ಕುಲುಕಿಸಿ ನಗುತ್ತಿದ್ದರು. ಮನೆಗೆ ಬಂದು ಗೋಡೆಗೆ ಒರಗಿ ಕುಳಿತ ನನಗೆ ಸೋಡಾ ಕುಡಿಸುತ್ತ, "ನನ್ನ ಆಯುಷ್ಯ ಹತ್ತು ವರ್ಷ ಜಾಸ್ತಿ ಮಾಡಿದಿ ಬಿಡು. ನಿನ್ನ ಹೊಟ್ಟಿದ್ದು ಮಾತ್ರ ನಂಗ ಹೇಳಾಕ ಆಗೂದಿಲ್ಲ" ಎಂದರು.

ಅಷ್ಟು ಕಾಪಾಡಿದೆ ನೋಡಿ ಆ ಹೆಸರನ್ನು. ಆದರೂ ಮಣಿನಗರದ ಮನೆಯಲ್ಲಿ ಒಂದು ಬೆಳಿಗ್ಗೆ, ಚಹಾ ತರುವಷ್ಟರಲ್ಲಿ ಅವರು ಇರಲಿಲ್ಲ. ನಾನು ಒಮ್ಮೆಯೂ ಕಟ್ಟು ಮುರಿದು ಹೇಳಿರಲಿಲ್ಲ. ಯಾರನ್ನು ಕೇಳಬೇಕು? ಹೇಳಿಕೊಟ್ಟ ಅತ್ತೆಯೂ ಇರಲಿಲ್ಲ. ನನ್ನ ಸೊಸೆ 'ಈರಣ್, ಈರಣ್' ಎಂದು ಗಂಡನ ಹೆಸರನ್ನು ಮನೆ ಹಾರಿಹೋಗುವಂತೆ ಕೂಗುತ್ತಾಳೆ. ಅವನು ಗುಂಡುಗಲ್ಲಿನಂತೆ ಇದ್ದಾನೆ, ಇರಲಿ, ನೂರು ವರ್ಷ ಇರಲಿ.

ಇದನ್ನೆಲ್ಲ ಮೊಮ್ಮಗಳಿಗೆ ಯಾವ ಮಾತಿನಲ್ಲಿ ಹೇಳಲಿ? 'ಅಜ್ಜಿ', 'ಬೇಡ', 'ಹಸಿವು', 'ಆಮೇಲೆ' ಇಟ್ಟುಕೊಂಡು ಆಯುಷ್ಯದ ಲೆಕ್ಕ ತಿಳಿಸಲಾದೀತೇ? "ಅದು ನಿಮ್ಮ ಅಜ್ಜನ ಅಕ್ಷರ. ನಾನು ಓದಬಾರದು" ಎಂದಷ್ಟೇ ಹೇಳಿದೆ.

ಅವಳು ಗೋಡೆಯ ಮೇಲಿನ ಫೋಟೋ ನೋಡಿದಳು. ತಿರುಗಿ ನನ್ನನ್ನು ನೋಡಿದಳು. ಅವಳು ಹುಟ್ಟುವ ಮೊದಲೇ ಹೋದವರು ಅವರು. ಹೆಸರು ಅವಳಿಗೆ ಗೊತ್ತು, ಅಪ್ಪ ಹೇಳಿದ್ದಾನೆ.

"ದಾದಾ ತಮನೆ ಗಮತಾ ನಹೋತಾ?" ಎಂದಳು.

ಅಜ್ಜ ನಿನಗೆ ಇಷ್ಟವಿರಲಿಲ್ಲವಾ ಎಂದು. ಅಷ್ಟು ಗುಜರಾತಿ ನನಗೂ ತಿಳಿಯುತ್ತದೆ. ತಿಳಿಯದಿದ್ದರೆ ಚೆನ್ನಾಗಿತ್ತು.

ಅಡುಗೆಮನೆಯಿಂದ ಹೇತಲ್ ಇಣುಕಿದಳು. "ಏಯ್, ಐಸಾ ನಹೀ ಬೋಲ್ತೆ" ಎಂದು ಮಗಳನ್ನು ಗದರಿಸಿ, ನನ್ನತ್ತ ತಿರುಗಿ, ನಾವಿಬ್ಬರೂ ಆಡುವ ಹಿಂದಿಯಲ್ಲಿ, "ಮಮ್ಮೀಜಿ, ಮೇರಿ ನಾನಿ ಭೀ ನಾಮ್ ನಹೀ ಲೇತಿ ಥೀ. ಸಾಂಭಳೋ ಛೋ, ಸಾಂಭಳೋ ಛೋ, ಬಸ್ ಇತನಾ ಹೀ" ಎಂದು ನಕ್ಕಳು. ಅವಳ ಅಜ್ಜಿಯೂ ಗಂಡನನ್ನು 'ಕೇಳಿದಿರಾ' ಎಂದೇ ಕರೆದು ಬಾಳಿದವಳಂತೆ. ಸೊಸೆಗೆ ತಿಳಿಯಿತು. ಆದರೆ ಹುಡುಗಿಯ ಮುಖ ಸಡಿಲವಾಗಲಿಲ್ಲ. ನಾನು ಸುಮ್ಮನಿದ್ದರೆ ಅವಳು ದೊಡ್ಡವಳಾಗುತ್ತಾಳೆ, ಕನ್ನಡ ಇನ್ನೂ ಮರೆಯುತ್ತಾಳೆ, ನಾನೂ ಹೋಗುತ್ತೇನೆ. ಆಮೇಲೆ ಯಾರಾದರೂ ಕೇಳಿದರೆ, 'ನಮ್ಮ ಅಜ್ಜಿಗೆ ಅಜ್ಜ ಅಂದರೆ ಆಗುತ್ತಿರಲಿಲ್ಲ' ಎನ್ನುತ್ತಾಳೆ. ಆ ಮನುಷ್ಯನಿಗಾಗಿ ಒಂದಿಡೀ ಕೊಡ ಮಾವಿನ ರಸ ಕುಡಿದ ನನ್ನ ಬಗ್ಗೆ!

ನಿಜ ಹೇಳಬೇಕೆಂದರೆ, ಹೇಳಲು ನನಗೇ ಭಯವಿತ್ತು. ಹೆಸರು ಹೇಳದೆ ಇರುವಷ್ಟು ದಿನ ಕಾಯಲು ಇನ್ನೂ ಒಂದು ಆಯುಷ್ಯವಿದೆ ಎಂದು ಒಳಗೆಲ್ಲೋ ಅಂದುಕೊಂಡಿದ್ದೆ. ಹೇಳಿಬಿಟ್ಟರೆ? ಉಳಿಸುವುದಕ್ಕೆ ಏನೂ ಇಲ್ಲವೆಂದು ನಾನೇ ಒಪ್ಪಿ ರುಜು ಹಾಕಿದಂತೆ.

ನಮ್ಮ ಕಡೆ ಹೆಂಗಸಿಗೆ ಗಂಡನ ಹೆಸರು ಹೇಳಲು ಒಂದೇ ಒಂದು ಸಂದು ಬಿಟ್ಟಿದ್ದಾರೆ. ಅದು ಒಡಪು. ಮದುವೆಯಲ್ಲಿ, ಸೀಮಂತದಲ್ಲಿ ಬಾಗಿಲಿಗೆ ಅಡ್ಡ ನಿಂತು 'ಹೆಸರು ಹೇಳಿ ಒಳಗ ಬಾ' ಎಂದು ಕಾಡುತ್ತಾರೆ. ಆಗ ನಾಲ್ಕು ಮಾತು ಪ್ರಾಸ ಹೊಂದಿಸಿ, ಕಹಿ ಗುಳಿಗೆಯನ್ನು ಬೆಲ್ಲದಲ್ಲಿ ಮುಚ್ಚಿದಂತೆ, ನಡುವೆ ಹೆಸರನ್ನು ಸೇರಿಸಿ ಹೇಳಿದರೆ ದೋಷವಿಲ್ಲ. ಆದರೆ ಗಂಡ ಹೋದವಳನ್ನು ಯಾರೂ ಒಡಪು ಹೇಳು ಎಂದು ಕೇಳುವುದಿಲ್ಲ. ಕೇಳಬಾರದು ಅಂತಲ್ಲ, ಅದು ಹಾಗೇ. ಇಷ್ಟು ವರ್ಷಗಳ ಮೇಲೆ ನನ್ನ ಬಾಗಿಲಿಗೆ ಅಡ್ಡ ನಿಂತವಳು ಈ ಎರಡು ಜಡೆಯ ಹುಡುಗಿ.

"ಬಾ ಇಲ್ಲೆ. ಆ ಬೌಲ್ ಅಕ್ಷರ ತೋರಸು. ಎಲ್ಲೆಲ್ಲಿ ಅದ ಎಲ್ಲಾ ತೋರಸು" ಎಂದೆ.

ಅವಳು ಮೂರೂ ಪುಸ್ತಕ ಹರಡಿದಳು. ಬೆರಳಿಡುತ್ತ ಹೋದಳು, ನಾನು ಮೊದಲ ಬಾರಿಗೆ ಜಿಗಿಯದೆ ಓದುತ್ತ ಹೋದೆ. ಹಾಡಿನ ಪುಸ್ತಕದಲ್ಲಿ ಬಟ್ಟಲು, ಬಾಗಿಲು. ಮನೆಮದ್ದಿನಲ್ಲಿ ಬೆಲ್ಲ. ಎಷ್ಟು ಮದ್ದಿಗೆ ಬೆಲ್ಲ ಹಾಕುತ್ತಾರಪ್ಪ! ಪುರಾಣದಲ್ಲಿ ಬಿಸಿಲು. ಬಾಳು ಎಂಬ ಮಾತು ಮೂರರಲ್ಲೂ ಇತ್ತು. ಓದುತ್ತ ಓದುತ್ತ ಬಾಯಿ ತಾನೇ ಪ್ರಾಸ ಹುಡುಕತೊಡಗಿತು. ಮದುವೆಯ ವಯಸ್ಸಿನಲ್ಲಿ ನಾನು ಒಡಪಿನಲ್ಲಿ ಯಾರಿಗೂ ಸೋತವಳಲ್ಲ, ಹೇಳಿಬಿಡುತ್ತೇನೆ. ಸೆರಗು ತಲೆಯ ಮೇಲೆ ಎಳೆದುಕೊಂಡೆ. ಎದುರಿಗೆ ಮೊಮ್ಮಗಳು, ಬಾಗಿಲಲ್ಲಿ ಹಿಟ್ಟಿನ ಕೈಯ ಸೊಸೆ.

"ಬಟ್ಟಲ ತುಂಬ ಬೆಲ್ಲ,
ಬಡೋದಾದ ಬಿಸಿಲಾಗ ಬಾಳೇವು ಮಾಡೀವಲ್ಲ,
ಬಸವರಾಜರು ಬರತಾರಂತ ಬಾಗಲಾ ಹಾಕಿಲ್ಲ."

ಹೇಳಿದ ಮೇಲೆ ನನಗೇ ಕೇಳಿಸಿತು. ಬರುತ್ತಾರೆ ಎಂದಿದ್ದೆ. ಬರುತ್ತಿದ್ದರು ಎನ್ನಬೇಕಿತ್ತಲ್ಲವೇ? ಗೂಡ್ಸ್ ಗಾರ್ಡಿನ ಡ್ಯೂಟಿಗೆ ಹೊತ್ತುಗೊತ್ತಿಲ್ಲ. ಬಂದವರು ಬಾಗಿಲು ತಟ್ಟಿ ಕಾಯಬಾರದೆಂದು ನಾನು ಚಿಲಕ ಹಾಕದೆ ಬರೀ ಮುಂದೆ ಮಾಡಿಟ್ಟು, ಎಚ್ಚರವಾಗಿ ಕೂತಿರುತ್ತಿದ್ದೆ. ಪ್ರಾಸ ಹುಡುಕಲು ಹೋದ ನಾಲಿಗೆ ಆ ಬಾಗಿಲಿನ ಹತ್ತಿರ ಹೋಗಿ ನಿಂತಿತ್ತು.

ಏನೂ ಆಗಲಿಲ್ಲ. ಫ್ಯಾನು ಕಿರಕಿರ ಎನ್ನುತ್ತಿತ್ತು. ಚಿಮಣಿಯ ಬೆಂಕಿ ಹಾಗೇ ಇತ್ತು.

"ಫರೀಥಿ, ಮತ್ತೆ ಹೇಳು" ಎಂದಳು ಪಂಕ್ತಿ. ಮಾತು ಮಾತು ಬಿಡಿಸಿ ಹೇಳಿಕೊಟ್ಟೆ. 'ಬಾಗಲಾ ಹಾಕಿಲ್ಲ' ಎನ್ನುವಲ್ಲಿ ಎಡವಿದಳು, ಮತ್ತೆ ಹೇಳಿದಳು. ಅರ್ಥ ಕೇಳಿದಳು. ಹೇತಲ್ ನನ್ನ ಮುರುಕು ಹಿಂದಿಯನ್ನು ಗುಜರಾತಿ ಮಾಡಿ ಹೇಳಿದಳು. ಹುಡುಗಿ ಅರ್ಥವನ್ನೆಲ್ಲ ಕೇಳಿಸಿಕೊಂಡು, "ತೋ ಬಹೂ ಗಮತಾ ಹತಾ" ಎಂದು ತೀರ್ಪು ಕೊಟ್ಟಳು. ಹಾಗಾದರೆ ಬಹಳ ಇಷ್ಟವಿತ್ತು. ಇದಕ್ಕಿಂತ ದೊಡ್ಡ ಕೋರ್ಟು ಯಾವುದಿದೆ? ನನಗಾದ ಸಂತೋಷಕ್ಕೆ ಅವಳನ್ನು ಹಿಡಿದು ಎಷ್ಟು ಮುದ್ದಿಟ್ಟೆನೆಂದರೆ, 'ಅಜ್ಜಿ, ಬೇಡ, ಆಮೇಲೆ' ಎಂದು ತನ್ನ ಕನ್ನಡದ ಮುಕ್ಕಾಲು ಪಾಲು ಖರ್ಚು ಮಾಡಿ ತಪ್ಪಿಸಿಕೊಂಡಳು.

ಅಷ್ಟರಲ್ಲಿ ಈರಣ್ಣ ಶಿಫ್ಟು ಮುಗಿಸಿ ಬಂದಿದ್ದ. ಯಾವಾಗ ಬಂದನೋ, ಒಂದು ಬೂಟು ಬಿಚ್ಚಿ ಇನ್ನೊಂದು ಕಾಲಲ್ಲೇ ಇರುವಂತೆ ಬಾಗಿಲಲ್ಲಿ ಕುಳಿತಿದ್ದ. ಅವನು ಹುಟ್ಟಿ ಇಷ್ಟು ವರ್ಷಕ್ಕೆ ತನ್ನ ತಂದೆಯ ಹೆಸರನ್ನು ತಾಯಿಯ ಬಾಯಲ್ಲಿ ಕೇಳಿದವನಲ್ಲ. ಸಾಲೆಗೆ ಹೆಸರು ಹಚ್ಚುವಾಗಲೂ ಮಾಸ್ತರರು ಕೇಳಿದರೆ ನಾನು ಅವನ ಬೆನ್ನು ತಿವಿದು 'ನೀನಽ ಹೇಳಪಾ' ಎಂದವಳು.

ನಾನು ಸೆರಗು ಸರಿಮಾಡಿಕೊಂಡು ಏಳಹೋದೆ. ನಾಚಿಕೆ ಬಂತು, ಸುಳ್ಳೇಕೆ ಹೇಳಲಿ, ಹದಿನಾರು ವರ್ಷದವಳ ನಾಚಿಕೆ.

"ಯವ್ವಾ" ಎಂದ ಅವನು, ಬೂಟಿನ ಲೇಸು ನೋಡುತ್ತ. "ನಂಗ ಕೇಳಸಲಿಲ್ಲ. ಇನ್ನೊಮ್ಮೆ ಹೇಳ."

ನಮ್ಮ ಕಡೆ ಒಡಪು ಹೇಳಿದ ಮದುಮಗಳನ್ನು ಹೆಂಗಸರು ಕಾಡಿಸುವ ಮಾತು ಅದು. ಎಲ್ಲರಿಗೂ ಕೇಳಿಸಿರುತ್ತದೆ, ಆದರೂ ಕೇಳಿಸಲಿಲ್ಲ ಎನ್ನುತ್ತಾರೆ.

"ಹೋಗೋ, ಮಾಡಾಕ ಕೆಲಸಿಲ್ಲ ನಿನಗ."

"ಖರೇನ ಕೇಳಸಲಿಲ್ಲಬೇ."

ಅವನ ದನಿ ಸರಿಯಾಗಿರಲಿಲ್ಲ. ನಾನು ಮತ್ತೆ ಕುಳಿತುಕೊಂಡೆ. ಇನ್ನೊಮ್ಮೆ ಹೇಳಿದೆ. ಈ ಸಲ ಬೆಲ್ಲವಿಲ್ಲ, ಬಾಗಿಲಿಲ್ಲ, ಪ್ರಾಸವಿಲ್ಲ. ಬರೀ ಹೆಸರು.